ಹೋಮ್‌ವರ್ಕ್ ತಡವಾದರೆ ಎಷ್ಟು ಅಂಕ ಕಳೆಯಬೇಕು? ಒಂದೂ ಬೇಡ

ಹನ್ನೆರಡು ನಿಯಮ, ಅದೂ ಫ್ಲೆಕ್ಸ್ ಮೇಲೆ! ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು. ನಿಮ್ಮನ್ನು ನೋಡಿ ಅಲ್ಲ, ನನ್ನದೇ ಹಳೇ ಕಥೆ ನೆನೆದು. ಸರ್ಕಾರಿ ಹೈಸ್ಕೂಲಿಗೆ ಹೊಸದಾಗಿ ಇಂಗ್ಲಿಷ್ ಮೇಷ್ಟ್ರಾಗಿ ಸೇರಿದ್ದೀರಿ. ಮೊದಲ ದಿನವೇ ಬಿಗಿ ಮಾಡಬೇಕು ಅಂತ ಕ್ಲಾಸಿಗೆ ಹನ್ನೆರಡು ನಿಯಮ ಫ್ಲೆಕ್ಸ್ ಮೇಲೆ ಪ್ರಿಂಟ್ ಮಾಡಿಸಿದ್ದೀರಿ. ಹೋಮ್‌ವರ್ಕ್ ತಡ ಮಾಡಿದರೆ ಎಷ್ಟು ಅಂಕ ಕಳೆಯಬೇಕು ಅಂತ ಕೇಳಿದ್ದೀರಿ. ನನ್ನದು ಫ್ಲೆಕ್ಸ್ ಅಲ್ಲ, ಡ್ರಾಯಿಂಗ್ ಶೀಟು. ನಿಯಮ ಹನ್ನೆರಡಲ್ಲ, ಎಂಟು. ಉಳಿದದ್ದೆಲ್ಲ ನಿಮ್ಮದೇ.

2014ರ ಜೂನ್. ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ ಹೈಸ್ಕೂಲು. ನಾನು ಮೈಸೂರಿನಲ್ಲಿ ಹುಟ್ಟಿ ಬೆಳೆದವಳು. ಎಂಟು, ಒಂಬತ್ತು, ಹತ್ತು, ಮೂರೂ ತರಗತಿಗೆ ಇಂಗ್ಲಿಷ್‌ಗೆ ನಾನೊಬ್ಬಳೇ. ಹತ್ತರಲ್ಲಿ 41 ಮಕ್ಕಳಿದ್ದರು. ಮುಕ್ಕಾಲು ಪಾಲು ಮಕ್ಕಳ ಮನೆಮಾತು ತೆಲುಗು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ನನ್ನ ಪೀರಿಯಡ್‌ನಲ್ಲಿ ಇಂಗ್ಲಿಷ್. ನಾವು ಅದನ್ನು ‘ದ್ವಿತೀಯ ಭಾಷೆ’ ಅಂತೀವಿ. ಅವರ ಲೆಕ್ಕದಲ್ಲಿ ಅದು ಮೂರನೆಯದು. ಇದನ್ನು ನಾನು ಮೊದಲ ವಾರವೇ ಗಮನಿಸಬೇಕಿತ್ತು. ಗಮನಿಸಲಿಲ್ಲ.

ನನ್ನ ಎಂಟು ನಿಯಮದಲ್ಲಿ ಆರು ಎಲ್ಲ ಕಡೆ ಇರುವಂಥವೇ. ಬೆಲ್ ಆದಮೇಲೆ ಒಳಗೆ ಬರಬೇಡಿ, ನಾಲ್ಕು ಗೆರೆ ಪುಸ್ತಕ ತನ್ನಿ, ಆ ಥರ. ಅವುಗಳಿಂದ ಯಾರಿಗೂ ಲಾಭವಿಲ್ಲ, ನಷ್ಟವೂ ಇಲ್ಲ. ಉಳಿದ ಎರಡೇ ಕಥೆ. ಒಂದು: ಇಂಗ್ಲಿಷ್ ಪೀರಿಯಡ್‌ನಲ್ಲಿ ಬೇರೆ ಭಾಷೆ ಆಡಿದರೆ ಒಂದು ರೂಪಾಯಿ ದಂಡ. ಮೇಜಿನ ಮೇಲೆ ಒಂದು ಹಾರ್ಲಿಕ್ಸ್ ಡಬ್ಬ ಇಟ್ಟಿದ್ದೆ. ಎರಡು: ಹೋಮ್‌ವರ್ಕ್ ತರದಿದ್ದರೆ ಎದ್ದು ನಿಂತು ಕಾರಣ ಹೇಳಬೇಕು. ಕಾರಣ ಸರಿಯಿಲ್ಲದಿದ್ದರೆ ಆ ಪೀರಿಯಡ್ ಪೂರ್ತಿ ಬಾಗಿಲ ಹೊರಗೆ.

ಒಂದೊಂದನ್ನೇ ನೋಡಿದರೆ ಎರಡೂ ಅಂಥ ಘೋರ ಏನಲ್ಲ ಅನ್ನಿಸುತ್ತದೆ, ಅಲ್ವಾ? ಎರಡನ್ನೂ ಜೋಡಿಸಿ ನೋಡಿ. ಕಾರಣವನ್ನೂ ಇಂಗ್ಲಿಷ್‌ನಲ್ಲೇ ಹೇಳಬೇಕು! ಹೋಮ್‌ವರ್ಕ್ ಬರೆಯುವಷ್ಟು ಇಂಗ್ಲಿಷ್ ಬಾರದ ಮಗು, ಯಾಕೆ ಬರೆಯಲಿಲ್ಲ ಅನ್ನುವುದನ್ನು ಅದೇ ಇಂಗ್ಲಿಷ್‌ನಲ್ಲಿ ಹೇಳಬೇಕು. ಈಗ ಬರೆಯುವಾಗ ಇದೆಂಥ ಪೆದ್ದುತನ ಅನ್ನಿಸುತ್ತದೆ. ಆಗ ಅದು ನನಗೆ ಜಾಣತನ ಅನ್ನಿಸಿತ್ತು. ‘ಈ ನೆಪದಲ್ಲಾದರೂ ನಾಲ್ಕು ಮಾತು ಇಂಗ್ಲಿಷ್ ಆಡುತ್ತಾರೆ’ ಅಂತ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡಿದ್ದೆ ಕೂಡ.

ಜುಲೈನ ಒಂದು ಬೆಳಿಗ್ಗೆ. ಮೊದಲ ಪೀರಿಯಡ್. ಮೂರನೇ ಬೆಂಚಿನ ಹುಡುಗ ಎದ್ದು ನಿಂತ. ಕಣ್ಣು ಕೆಂಪಗಿತ್ತು. ಹೋಮ್‌ವರ್ಕ್ ಇಲ್ಲ. ಯಾಕೆ ಅಂತ ಇಂಗ್ಲಿಷ್‌ನಲ್ಲಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಮನಸ್ಸಿನಲ್ಲಿ ಒಂದೊಂದೇ ಪದ ಹುಡುಕಿ ಜೋಡಿಸುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಹೇಳಿದ: ‘ಮಿಸ್, ಎಸ್ಟರ್ಡೇ ನೈಟ್ ಅವರ್ ವರ್ಮ್ಸ್ ಬಿಕೇಮ್ ಫ್ರೂಟ್.’

ನಾನು ನಕ್ಕುಬಿಟ್ಟೆ.

ಸಣ್ಣಗೆ ಅಲ್ಲ, ಜೋರಾಗಿ. ನಾನು ನಕ್ಕಿದ್ದಕ್ಕೆ ಕ್ಲಾಸೂ ನಕ್ಕಿತು. ಈಗ ಯೋಚಿಸಿದರೆ, ಆ 40 ಮಕ್ಕಳಲ್ಲಿ ಹೆಚ್ಚಿನವರಿಗೆ ಅವನು ಹೇಳಿದ್ದು ಪೂರ್ತಿ ಅರ್ಥವಾಗಿತ್ತು. ಅವರ ಮನೆಯಲ್ಲೂ ಅದೇ ಹುಳು. ಆದರೂ ನಕ್ಕರು, ಮಿಸ್ ನಕ್ಕರಲ್ಲ ಅಂತ. ಒಬ್ಬರೂ ಬಾಯಿ ಬಿಟ್ಟು ‘ಮಿಸ್, ಅದು ಹಾಗಲ್ಲ’ ಅನ್ನಲಿಲ್ಲ. ಕನ್ನಡದಲ್ಲಿ ಹೇಳಿದರೆ ಒಂದು ರೂಪಾಯಿ. ತೆಲುಗಿನಲ್ಲಿ ಹೇಳಿದರೂ ಒಂದು ರೂಪಾಯಿ. ಇಂಗ್ಲಿಷ್‌ನಲ್ಲಿ ಹೇಳಿದವನ ಗತಿ ಕಣ್ಣೆದುರೇ ಇತ್ತು. ಹಣ್ಣಿನಲ್ಲಿ ಹುಳು ಇತ್ತು ಅಂತ ಏನೋ ಕಥೆ ಕಟ್ಟುತ್ತಿದ್ದಾನೆ ಅಂದುಕೊಂಡೆ ನಾನು. ಹೊರಗೆ ಕಳಿಸಿದೆ.

ತಪ್ಪು ಎಲ್ಲಿ ಆಯಿತು ಅಂತ ಎಷ್ಟೋ ಸಲ ಕೂತು ಯೋಚಿಸಿದ್ದೇನೆ. ನಕ್ಕಿದ್ದೇ ತಪ್ಪು ಅಂತ ಮೊದಲು ಅಂದುಕೊಂಡಿದ್ದೆ. ಆದರೆ ನಗು ತಾನಾಗಿ ಬರುತ್ತದೆ, ಆಮೇಲೆ ಕ್ಷಮೆ ಕೇಳಬಹುದು. ಹೊರಗೆ ಕಳಿಸಿದ್ದೂ ತಪ್ಪೇ, ಅದು ಬೇರೆ ಮಾತು. ಮೂಲದ ತಪ್ಪು ಜೂನ್‌ನಲ್ಲೇ ಆಗಿಹೋಗಿತ್ತು. ಮಗು ನನಗೆ ನಿಜ ಹೇಳಬೇಕಾದ ಜಾಗದಲ್ಲೂ ನಾನು ಭಾಷೆಯ ಪರೀಕ್ಷೆ ಇಟ್ಟಿದ್ದೆ. ಪಾಠದಲ್ಲಿ ಇಂಗ್ಲಿಷ್ ಕೇಳುವುದು ಸರಿ. ‘ಮಿಸ್, ನನಗೆ ಹುಷಾರಿಲ್ಲ’, ‘ಮಿಸ್, ಮನೆಯಲ್ಲಿ ಕೆಲಸ ಇತ್ತು’, ‘ಮಿಸ್, ಇದು ಅರ್ಥ ಆಗಲಿಲ್ಲ’, ಈ ಮೂರು ಮಾತಿಗೆ ಯಾವ ಭಾಷೆಯಾದರೂ ನಡೆಯಬೇಕು. ಅಲ್ಲೂ ನಾನು ಬೇಲಿ ಹಾಕಿದ್ದೆ. ಬೇಲಿ ಹಾಕಿದ ಮೇಲೆ ಆ ಕಡೆ ಏನು ನಡೆಯುತ್ತಿದೆ ಅಂತ ನನಗೆ ಕಾಣುವುದಾದರೂ ಹೇಗೆ?

ನಾನು ಇದನ್ನು ಇಷ್ಟು ಎಳೆದು ಹೇಳುವುದಕ್ಕೆ ಕಾರಣವಿದೆ. ನಿಮ್ಮ ಹನ್ನೆರಡರಲ್ಲಿ ನಾಲ್ಕನೆಯದು ಮತ್ತು ಒಂಬತ್ತನೆಯದು ನನ್ನ ಈ ಎರಡು ನಿಯಮದಂಥವೇ, ಅವು ಸೇರಿದರೆ ಆಗುವುದು ಇದೇ. ಇನ್ನೊಮ್ಮೆ ಓದಿ ನೋಡಿ.

ಆ ಮೇಲೆ ಏನಾಯಿತು ಅಂದರೆ, ಎಲ್ಲ ಚೆನ್ನಾಗಿ ಆಯಿತು! ಒಂದು ವಾರದಲ್ಲಿ 41 ಪುಸ್ತಕವೂ ಮೇಜಿನ ಮೇಲೆ ಬರತೊಡಗಿದವು. ನಾನು ಹಿಗ್ಗಿದೆ. ಹೆಡ್‌ಮಾಸ್ಟರ್ ಹೊಗಳಿದರು. ನಾನು ಕೆಂಪು ಪೆನ್ನಿನಲ್ಲಿ ‘ಗುಡ್’, ‘ಗುಡ್’, ‘ವೆರಿ ಗುಡ್’ ಅಂತ ಬರೆದೆ. ಪ್ರಾರ್ಥನೆ ಮುಗಿದು ಕ್ಷೀರಭಾಗ್ಯದ ಹಾಲು ಕುಡಿಯುವ ಹೊತ್ತಿನಲ್ಲಿ ಒಂದು ಪುಸ್ತಕ 40 ಪುಸ್ತಕವಾಗುತ್ತಿತ್ತು. ಅದು ನನಗೆ ಗೊತ್ತಾಗಿದ್ದು ಜನವರಿಯಲ್ಲಿ.

ಶಾಲಾ ಹಂತದ ಪ್ರಿಪರೇಟರಿ ಪರೀಕ್ಷೆ. ಪತ್ರ ಬರೆಯುವ ಪ್ರಶ್ನೆ: ಪರೀಕ್ಷೆಗೆ ಹೇಗೆ ಓದುತ್ತಿದ್ದೀಯ ಅಂತ ಅಪ್ಪನಿಗೆ ಬರೆ. 27 ಮಕ್ಕಳು ಶಾಲಾ ಪ್ರವಾಸಕ್ಕೆ ದುಡ್ಡು ಕೇಳಿ ಬರೆದಿದ್ದರು. ನಾನು ಜುಲೈನಲ್ಲಿ ಕೊಟ್ಟಿದ್ದ ಹೋಮ್‌ವರ್ಕ್ ಅದು. ಮೇಲೆ ದಿನಾಂಕ, ಎಲ್ಲರದ್ದೂ ಜುಲೈ 14. ಜನವರಿ ಚಳಿಯಲ್ಲಿ ಕೂತು ಜುಲೈ 14! ಕೆಳಗೆ ‘ಮೈ ಫಾದರ್ ಈಸ್ ಎ ಫಾರ್ಮರ್’ ಅನ್ನುವ ಸಾಲು. ರೈತ ಅನ್ನುವ ಪದದಲ್ಲಿ ‘ಎ’ ಇರಬೇಕಾದ ಜಾಗದಲ್ಲಿ ‘ಓ’. ಅಂದರೆ ‘ನನ್ನ ಅಪ್ಪ ಮಾಜಿ’ ಅಂದಂತಾಯಿತು. 27 ಜನರ ಅಪ್ಪಂದಿರೂ ಮಾಜಿ. ಹಳೇ ಪುಸ್ತಕ ತೆಗೆಸಿ ನೋಡಿದೆ. ಅಲ್ಲೂ ಅದೇ ತಪ್ಪು. ಅದರ ಕೆಳಗೆ ನನ್ನದೇ ಕೈಬರಹದಲ್ಲಿ ‘ವೆರಿ ಗುಡ್’.

ಫೆಬ್ರವರಿಯಲ್ಲಿ ಮನೆ ಭೇಟಿಗೆ ಹೊರಟೆವು. ಹತ್ತನೇ ಕ್ಲಾಸಿನ ಮಕ್ಕಳು ಸಂಜೆ ಓದುತ್ತಾರಾ ಅಂತ ನೋಡಲು ಶಿಕ್ಷಕರು ಹೋಗುವುದಿದೆಯಲ್ಲ, ಅದು. ಆ ಹುಡುಗನ ಮನೆಗೆ ಹೋದಾಗ ಕತ್ತಲಾಗಿತ್ತು. ಅವನ ತಾಯಿ ಬಾಗಿಲಲ್ಲೇ ತಡೆದರು. ‘ಮೇಡಂ, ಚಪ್ಪಲಿ ಆ ಕಡೆ ಬಿಡಿ, ಕಾಲು ತೊಳ್ಕೊಂಡು ಬನ್ನಿ, ಹುಳ ಐತೆ.’ ಒಳಗೆ ಮನೆ ಮಂದಿಯೆಲ್ಲ ಕೂತಿದ್ದರು. ಅಜ್ಜಿ, ಚಿಕ್ಕಪ್ಪ, ಐದನೇ ಕ್ಲಾಸಿನ ತಂಗಿ, ಎಲ್ಲರೂ. ಹಿಪ್ಪುನೇರಳೆ ಸೊಪ್ಪಿನ ಮೇಲಿಂದ ರೇಷ್ಮೆ ಹುಳು ಆರಿಸಿ ಚಂದ್ರಿಕೆಗೆ, ಅಂದರೆ ಹುಳು ಗೂಡು ಕಟ್ಟುವ ತಟ್ಟಿಗೆ, ಬಿಡುತ್ತಿದ್ದರು.

ರೇಷ್ಮೆ ಸೀಮೆಯವರಲ್ಲದವರಿಗೆ ಹೇಳುತ್ತೇನೆ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲ ತಿನ್ನುವುದು ಬಿಟ್ಟು ಸುಮ್ಮನೆ ಕೂರುತ್ತದೆ. ಅದಕ್ಕೆ ಜ್ವರ ಅಂತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಸೊಪ್ಪು ತಿನ್ನುವುದೇ ತಿನ್ನುವುದು. ಇಡೀ ಬೆಳೆಯಲ್ಲಿ ತಿನ್ನುವ ಸೊಪ್ಪಿನ ಬಹುಪಾಲು ಆ ಒಂದು ವಾರದಲ್ಲೇ ಖಾಲಿ. ಆಮೇಲೆ ಮೈ ಹಳದಿಗೆ ತಿರುಗುತ್ತದೆ, ಬೆಳಕಿಗೆ ಹಿಡಿದರೆ ಒಳಗೆಲ್ಲ ಕಾಣುವ ಹಾಗಾಗುತ್ತದೆ, ತಲೆ ಎತ್ತಿ ಆಡಿಸುತ್ತದೆ. ಅದಕ್ಕೇ ‘ಹುಳ ಹಣ್ಣಾಯ್ತು’ ಅನ್ನುವುದು. ಹಣ್ಣಾದ ಹುಳುವನ್ನು ಕೂಡಲೇ ಚಂದ್ರಿಕೆಗೆ ಬಿಡದಿದ್ದರೆ ಸೊಪ್ಪಿನ ಮೇಲೇ ನೂಲು ಬಿಡತೊಡಗುತ್ತದೆ, ಗೂಡು ಕೆಡುತ್ತದೆ. ಆವತ್ತು ರಾತ್ರಿ ಆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ, ಎಸ್ಸೆಸ್ಸೆಲ್ಸಿ ಹುಡುಗನಿಗೂ ಇಲ್ಲ.

ನಾನೂ ಕೂತು ಆರಿಸಲು ಹೋದೆ. ನಾಲ್ಕೈದು ಹುಳು ಎತ್ತಿ ಚಂದ್ರಿಕೆಗೆ ಬಿಟ್ಟೆ. ಹುಡುಗ ಎರಡನ್ನು ವಾಪಸ್ ತೆಗೆದ. ‘ಮಿಸ್, ಇವಿನ್ನೂ ಕಾಯಿ’ ಅಂದ. ಜುಲೈ ಆದಮೇಲೆ ಅವನು ತಾನಾಗಿ ನನ್ನ ಜೊತೆ ಆಡಿದ ಮೊದಲ ಮಾತು ಅದು. ನಗಲಿಲ್ಲ ಅವನು. ನಾನಾಗಿದ್ದರೆ ನಕ್ಕಿರುತ್ತಿದ್ದೆ.

ಇನ್ನೊಂದು ಸಂಗತಿ. ಆಮೇಲೆ ರೇಷ್ಮೆ ಕೃಷಿಯ ಒಂದು ಇಂಗ್ಲಿಷ್ ಪುಸ್ತಕ ತಿರುವಿ ನೋಡಿದೆ. ಅದರಲ್ಲಿ ಹಣ್ಣಾದ ಹುಳುವಿಗೆ ‘ರೈಪ್ ವರ್ಮ್’ ಅಂತಲೇ ಇದೆ. ರೈಪ್ ಅಂದರೆ ಹಣ್ಣಾದ, ಮಾಗಿದ. ಹುಡುಗನ ವಾಕ್ಯದಲ್ಲಿ ತಪ್ಪಿದ್ದು ಒಂದೇ ಪದ. ಫ್ರೂಟ್ ತೆಗೆದು ರೈಪ್ ಹಾಕಿದ್ದರೆ ಅದು ಪುಸ್ತಕದ ಇಂಗ್ಲಿಷ್. ಆ ಒಂದು ಪದ ಹೇಳಿಕೊಡುವುದಕ್ಕೇ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು. ನಾನು ಹೊರಗೆ ನಿಲ್ಲಿಸಿದ್ದೆ.

ಅವನು ಪಾಸಾದ. ಪಾಸಾಗುವಷ್ಟನ್ನೇ ಉರು ಹೊಡೆಸುವ ಕೊನೆಯ ತಿಂಗಳ ಪಾಸಿಂಗ್ ಪ್ಯಾಕೇಜ್ ದಯೆ. ಆರು ಜನ ಇಂಗ್ಲಿಷ್‌ನಲ್ಲಿ ಫೇಲಾದರು, ಜೂನ್‌ನಲ್ಲಿ ಮತ್ತೆ ಬರೆದರು.

ಈಗ ನಿಮ್ಮ ಪ್ರಶ್ನೆ. ಎಷ್ಟು ಅಂಕ ಕಳೆಯಬೇಕು? ಒಂದೂ ಬೇಡ. ಆಂತರಿಕ ಅಂಕ ಇರುವುದು ಮಗು ಏನು ಕಲಿತಿದೆ ಅಂತ ನೋಡಲು, ನಿಮ್ಮ ಸಿಟ್ಟು ಅಳೆಯಲು ಅಲ್ಲ. ‘ಬಿಗಿ ಮಾಡದಿದ್ದರೆ ತಲೆ ಮೇಲೆ ಕೂರುತ್ತಾರೆ’ ಅಂತ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಬಿಗಿ ಮಾಡಿದರೆ ಕಾಪಿ ಮಾಡುತ್ತಾರೆ, ಅಷ್ಟೇ. ತಲೆ ಮೇಲೆ ಕೂತವನು ಕಣ್ಣಿಗಾದರೂ ಕಾಣುತ್ತಾನೆ. ಹೊರಗೆ ನಿಲ್ಲಿಸುವುದಂತೂ ಬೇಡವೇ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನು ಮಾತ್ರವಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಆ ಕಾಯ್ದೆ ಎಂಟನೇ ಕ್ಲಾಸಿನವರೆಗೆ ಮಾತ್ರ ಅಂತ ವಾದ ಮಾಡುವ ಸಹೋದ್ಯೋಗಿ ನಿಮಗೂ ಸಿಗುತ್ತಾರೆ. ಒಂಬತ್ತಕ್ಕೆ ಕಾಲಿಟ್ಟ ಕೂಡಲೇ ಮಗುವಿನ ಮನಸ್ಸು ಕಲ್ಲಾಗುತ್ತದೆಯೇ ಅಂತ ಅವರನ್ನು ಕೇಳಿ.

ದಿನಾ ಒಂದು ಗಂಟೆಯ ಹೋಮ್‌ವರ್ಕ್ ಅಂತ ನಿಮ್ಮ ಆರನೇ ನಿಯಮ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಒಂಬತ್ತರಿಂದ ಹನ್ನೆರಡನೇ ತರಗತಿಗೆ ದಿನಕ್ಕೆ ಹೆಚ್ಚೆಂದರೆ ಎರಡು ಗಂಟೆ, ಅದೂ ಎಲ್ಲ ವಿಷಯ ಸೇರಿ. ಹತ್ತರಲ್ಲಿ ಆರು ವಿಷಯ. ಭಾಗಿಸಿದರೆ ನಿಮ್ಮ ಪಾಲಿಗೆ 20 ನಿಮಿಷ. ಗಣಿತದ ಮೇಷ್ಟ್ರ ಪಾಲನ್ನೂ ನೀವೇ ತಿಂದರೆ ಅವರು ಬಿಡುತ್ತಾರಾ?

ನಾನು ಈಗ ಮಾಡುವುದು ಹೀಗೆ. ಪೀರಿಯಡ್‌ನ ಕೊನೆಯ ಹತ್ತು ನಿಮಿಷದಲ್ಲಿ ಹೋಮ್‌ವರ್ಕ್ ಅಲ್ಲೇ ಶುರುವಾಗಬೇಕು. ಮೊದಲ ವಾಕ್ಯ ನನ್ನ ಕಣ್ಣೆದುರು. ಮನೆಗೆ ಉಳಿಯುವುದು ನಾಲ್ಕೈದು ವಾಕ್ಯ. ಅದು ಅವರ ಮನೆಯ ಬಗ್ಗೆಯೇ ಇರಬೇಕು, ಗೈಡ್‌ನಲ್ಲಿ ಸಿಗಬಾರದು. ಪದ ಗೊತ್ತಿಲ್ಲದಿದ್ದರೆ ಕನ್ನಡದಲ್ಲೋ ತೆಲುಗಿನಲ್ಲೋ ಬರೆದು ಅಡಿಗೆರೆ ಹಾಕಲಿ, ಮರುದಿನ ಕ್ಲಾಸಿನಲ್ಲಿ ಸೇರಿ ಹುಡುಕುತ್ತೇವೆ. ನನಗೂ ಗೊತ್ತಿಲ್ಲದ್ದು ಬರುತ್ತದೆ. ಚಂದ್ರಿಕೆಗೆ ಇಂಗ್ಲಿಷ್ ಪದ ಏನು ಅಂತ ಒಬ್ಬಳು ಕೇಳಿದಳು. ಚಂದ್ರಿಕೆ ಅಂತಲೇ ಬರೆ ಅಂದೆ.

ಕಾಪಿ ಮಾಡಬಹುದು. ಹೌದು, ಮಾಡಬಹುದು. ಯಾರದ್ದು ನೋಡಿ ಬರೆದದ್ದು ಅಂತ ಕೆಳಗೆ ಹೆಸರು ಬರೆದರೆ ಸಾಕು. ಇದಕ್ಕೆ ನನ್ನ ಸಹೋದ್ಯೋಗಿಗಳು ಬೈದರು. ಆದರೆ ಯಾರಿಗೆ ಬರುವುದಿಲ್ಲ ಅಂತ ನನಗೆ ಮೊದಲ ಸಲ ಗೊತ್ತಾಗಿದ್ದು ಹಾಗೇ. ಒಂದೇ ಹುಡುಗಿಯ ಹೆಸರು ಹದಿನಾಲ್ಕು ಪುಸ್ತಕದಲ್ಲಿ ಬಂದಾಗ ಆ ಹದಿನಾಲ್ಕು ಜನರನ್ನು ಅವಳ ಸುತ್ತ ಕೂರಿಸಿದೆ.

ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಹೋಮ್‌ವರ್ಕ್ ಹಾಕುವ ಯೋಚನೆ ಬಿಡಿ. ಆ ಫೋನು ಅಪ್ಪನ ಜೇಬಿನಲ್ಲಿರುತ್ತದೆ, ಅಪ್ಪ ಮಾರ್ಕೆಟ್‌ನಲ್ಲಿರುತ್ತಾನೆ.

ಮತ್ತೆ, ಮೊದಲ ವಾರ ಪಾಠ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ, ಯಾರ ಮನೆಯಲ್ಲಿ ಯಾವ ತಿಂಗಳು ಏನು ಕೆಲಸ ಅಂತ ಬರೆದುಕೊಳ್ಳಿ. ನಿಮ್ಮ ಊರಲ್ಲಿ ರೇಷ್ಮೆ ಇಲ್ಲದಿದ್ದರೆ ಹತ್ತಿ ಬಿಡಿಸುವುದಿರುತ್ತದೆ, ಕಾಫಿ ಕುಯ್ಲು ಇರುತ್ತದೆ, ಕಬ್ಬು ಕಡಿಯಲು ಗುಳೆ ಹೋಗುವವರಿರುತ್ತಾರೆ. ನನ್ನ ಪುಸ್ತಕದಲ್ಲಿ ಒಂದು ಪುಟ ಇದೆ, ಯಾರ ಮನೆಗೆ ಚಾಕಿ ಹುಳು, ಅಂದರೆ ಸಾಕಲು ತರುವ ಮರಿ ಹುಳು, ಯಾವತ್ತು ಬಂತು ಅಂತ. ಅಲ್ಲಿಂದ ಎಣಿಸಿದರೆ ಯಾವ ಮೂರು ದಿನ ಆ ಮಗುವಿನಿಂದ ಹೋಮ್‌ವರ್ಕ್ ಕೇಳಬಾರದು ಅಂತ ಹೆಚ್ಚುಕಡಿಮೆ ಗೊತ್ತಾಗುತ್ತದೆ.

ಫ್ಲೆಕ್ಸ್ ಈಗಾಗಲೇ ಪ್ರಿಂಟ್ ಆಗಿದೆ, 450 ರೂಪಾಯಿ ಕೈಯಿಂದ ಕೊಟ್ಟಿದ್ದೇನೆ ಅಂತ ಬರೆದಿದ್ದೀರಿ. ಎಸೆಯಬೇಡಿ. ಮಳೆಗಾಲ ಬಂತು. ಗಾಜು ಒಡೆದ ಕಿಟಕಿ ಒಂದಾದರೂ ಇರುತ್ತದೆ ನಿಮ್ಮ ಶಾಲೆಯಲ್ಲಿ. ಬರಹ ಇರುವ ಬದಿ ಹೊರಗೆ ಬರುವ ಹಾಗೆ ಕಟ್ಟಿ.