ಮೊದಲ ದಿನವೇ ಅತ್ತುಕೊಂಡು ಬಂದ, ಐಸ್ ಹಾಕಿ ಕ್ಲಾಸು ಬಿಡಿಸಿಬಿಡಲಾ?

ನೀವು ಕೇಳಿರುವುದು ಇಷ್ಟು: ಐದು ವರ್ಷದ ಮಗನನ್ನು ಐಸ್ ಹಾಕಿ ಕ್ಲಾಸಿಗೆ ಸೇರಿಸಿದ್ದೀರಿ. ಮೊದಲ ದಿನ ಪೂರ್ತಿ ಬಿದ್ದೂ ಬಿದ್ದೂ ಅತ್ತುಕೊಂಡು ಹೊರಗೆ ಬಂದ. ಇನ್ನೂ ಚಿಕ್ಕವನು ಅಂತ ಬಿಡಿಸುವುದಾ, ಮುಂದುವರಿಸುವುದಾ?

ಬಿಡಿಸುವ ಮುಂಚೆ ಅವನ ಸ್ಕೇಟ್ ಶೂ ತಿರುಗಿಸಿ ತಳದಲ್ಲಿರುವ ಬ್ಲೇಡ್ ನೋಡಿ. ತಮಾಷೆಗೆ ಹೇಳುತ್ತಿಲ್ಲ.

ನನ್ನ ಮಗಳೂ ಐದನೇ ವರ್ಷಕ್ಕೇ ಶುರು ಮಾಡಿದ್ದು. ಮೊದಲ ಎರಡು ಕ್ಲಾಸು ನಾನು ಗಾಜಿನ ಈಚೆ ಕೂತು ನೋಡಿದ್ದು ಬರೀ ಇದನ್ನೇ: ಏಳುತ್ತಾಳೆ, ಎರಡು ಕಾಲು ಎರಡು ದಿಕ್ಕಿಗೆ ಹೋಗುತ್ತವೆ, ಬೀಳುತ್ತಾಳೆ. ಅವಳ ವಯಸ್ಸಿನ ಬೇರೆ ಮಕ್ಕಳು ಬಾತುಕೋಳಿ ಥರ ಹೆಜ್ಜೆ ಹಾಕಿಕೊಂಡು ಹೋಗುತ್ತಿದ್ದರು. ಇವಳಿಗೆ ಇದು ಒಗ್ಗುವುದಿಲ್ಲ ಅಂತ ನಾನೂ ತೀರ್ಮಾನ ಮಾಡಿಬಿಟ್ಟಿದ್ದೆ. ಎರಡನೇ ಕ್ಲಾಸು ಮುಗಿದ ಮೇಲೆ ಕೋಚ್ ಅವಳ ಒಂದು ಸ್ಕೇಟ್ ಎತ್ತಿಕೊಂಡು, ಬ್ಲೇಡಿನ ಅಂಚಿನ ಮೇಲೆ ಹೆಬ್ಬೆರಳ ಉಗುರು ಒಮ್ಮೆ ಅಡ್ಡಕ್ಕೆ ಎಳೆದರು. "ಇದಕ್ಕೆ ಸಾಣೆನೇ ಹಿಡಿಸಿಲ್ಲವಲ್ಲ" ಅಂದರು.

ಹೊಸ ಸ್ಕೇಟಿನ ಬ್ಲೇಡ್ ಸಾಮಾನ್ಯವಾಗಿ ಮೊಂಡಾಗಿಯೇ ಬರುತ್ತದೆ. ಸಾಣೆ ಹಿಡಿಸಿದಾಗ ಬ್ಲೇಡಿನ ತಳದಲ್ಲಿ ಉದ್ದಕ್ಕೂ ಒಂದು ಸಣ್ಣ ಕಾಲುವೆಯಂಥ ತಗ್ಗು ಬೀಳುತ್ತದೆ. ಅದರ ಎರಡೂ ಬದಿಗೆ ಒಂದೊಂದು ಚೂಪು ಅಂಚು. ಐಸನ್ನು ಕಚ್ಚಿ ಹಿಡಿಯುವುದು ಆ ಅಂಚುಗಳೇ. ಅವಿಲ್ಲದಿದ್ದರೆ ದೊಡ್ಡವರೂ ನಿಲ್ಲಲಾರರು. ಅಂಗಡಿಯವರು ಹೇಳಲಿಲ್ಲ, ನನಗೆ ಕೇಳಬೇಕು ಅಂತಲೂ ಗೊತ್ತಿರಲಿಲ್ಲ. ಮಗು ಮಾತ್ರ ಎರಡು ವಾರ ಪೆಟ್ಟು ತಿಂದಳು. ಉಗುರು ಎಳೆದಾಗ ಅದರ ಪುಡಿ ಸ್ವಲ್ಪ ಹೆರೆದು ಬಂದರೆ ಅಂಚು ಇದೆ ಅಂತ ಅರ್ಥ. ಸುಮ್ನೆ ಜಾರಿ ಹೋದರೆ ಇಲ್ಲ.

ನನ್ನ ಇನ್ನೊಂದು ತಪ್ಪು ಅಳತೆಯದ್ದು. ಮುಂದಿನ ವರ್ಷಕ್ಕೂ ಆಗಲಿ ಅಂತ ಒಂದು ಸೈಜು ದೊಡ್ಡದು ತಂದಿದ್ದೆ. ಐಸ್ ಹಾಕಿಯ ಸ್ಕೇಟ್ ಮಾಮೂಲಿ ಶೂಗಿಂತ ಒಂದು, ಒಂದೂವರೆ ಸೈಜು ಚಿಕ್ಕದೇ ಬೇಕಾಗುತ್ತದೆ. ಅಂದರೆ ನಾನು ತಂದಿದ್ದು ಎರಡು, ಎರಡೂವರೆ ಸೈಜು ದೊಡ್ಡದು! ಒಳಗೆ ಕಾಲು ಅಲ್ಲಾಡುತ್ತಿತ್ತು, ಹರಡು ಒಳಕ್ಕೆ ವಾಲುತ್ತಿತ್ತು. ಬೆರಳು ತುದಿಗೆ ಸ್ವಲ್ಪ ತಾಗಬೇಕು, ಮಂಡಿ ಬಗ್ಗಿಸಿದಾಗ ಹಿಮ್ಮಡಿ ಎದ್ದು ಬರಬಾರದು. ಲೇಸನ್ನು ಬೆರಳ ಕಡೆ ಸ್ವಲ್ಪ ಸಡಿಲ ಬಿಟ್ಟು ಹರಡಿನ ಹತ್ತಿರ ಬಿಗಿಯಾಗಿ ಕಟ್ಟಿ.

ಇವೆರಡೂ ಸರಿ ಇದ್ದರೂ ಅವನು ಬೀಳುತ್ತಾನೆ, ಅದು ಬೇರೆ ಮಾತು. ಮೊದಲ ಕೆಲವು ವಾರ ಕಲಿಸುವುದೇ ಅದನ್ನು. ಮಂಡಿ ಬಗ್ಗಿಸಿ ಪಕ್ಕಕ್ಕೆ, ಸೊಂಟದ ಮೇಲೆ ಕೂತ ಹಾಗೆ ಬೀಳಬೇಕು. ಕೈ ಮುಷ್ಟಿ ಮಾಡಿಕೊಳ್ಳಬೇಕು, ಬೇರೆಯವರ ಬ್ಲೇಡು ಬೆರಳಿನ ಮೇಲೆ ಹಾಯಬಾರದು ಅಂತ. ಏಳುವುದಕ್ಕೂ ಒಂದು ಕ್ರಮ ಇದೆ: ಮೊದಲು ಅಂಬೆಗಾಲು, ಆಮೇಲೆ ಒಂದು ಮಂಡಿ ಮೇಲೆ, ಆ ಕಾಲಿನ ಬ್ಲೇಡ್ ಪೂರ್ತಿ ಐಸಿಗೆ ತಾಗುವ ಹಾಗೆ ಊರಿ, ಎರಡೂ ಕೈಯನ್ನು ಆ ಮಂಡಿಯ ಮೇಲಿಟ್ಟು ಒತ್ತಿ ಏಳುವುದು. ಇದನ್ನು ಮನೆಯಲ್ಲಿ ಸ್ಕೇಟ್ ಇಲ್ಲದೆ ನೆಲದ ಮೇಲೇ ಆಟದ ಹಾಗೆ ಮಾಡಿಸಬಹುದು. ನಾನೂ ಜೊತೆಗೆ ಬಿದ್ದು ಎದ್ದೆ, ಅವಳಿಗೆ ಅದೇ ಖುಷಿ. ಬಿದ್ದರೆ ಏಳೋದು ಹೇಗೆ ಅಂತ ಗೊತ್ತಾದ ದಿನ ಅಳು ಅರ್ಧ ನಿಂತಿತು. ಅವಳು ಅಳುತ್ತಿದ್ದದ್ದು ನೋವಿಗಲ್ಲ, ಅಷ್ಟೆಲ್ಲ ಪ್ಯಾಡ್ ಇದ್ದ ಮೇಲೆ ಎಲ್ಲಿಯ ನೋವು? ನೆಲದಲ್ಲಿ ಸಿಕ್ಕಿಹಾಕಿಕೊಂಡ ಹಾಗೆ ಆಗುತ್ತಿತ್ತು, ಅದಕ್ಕೆ.

ಪ್ಯಾಡ್ ಅಂದೆ, ಅದನ್ನೆಲ್ಲ ಹಾಕಿಸುವುದೇ ಒಂದು ಕಥೆ. ಮೊಣಕಾಲಿನ ಪ್ಯಾಡ್, ಅದರ ಮೇಲೆ ಉದ್ದ ಸಾಕ್ಸ್, ದಪ್ಪ ಪ್ಯಾಂಟು, ಸ್ಕೇಟ್, ಭುಜ, ಮೊಣಕೈ, ಕುತ್ತಿಗೆ ಪಟ್ಟಿ, ಜೆರ್ಸಿ, ಮುಖಕ್ಕೆ ಜಾಲರಿ ಇರುವ ಹೆಲ್ಮೆಟ್, ಕೊನೆಗೆ ಗ್ಲೌಸ್. ಗ್ಲೌಸ್ ಹಾಕಿ ಮುಗಿಸಿದ ಕ್ಷಣಕ್ಕೆ ಸರಿಯಾಗಿ "ಅಮ್ಮಾ, ಸೂಸು". ಮೊದಲೇ ಕರೆದುಕೊಂಡು ಹೋಗಿ. ಅರ್ಧ ಗಂಟೆ ಮುಂಚೆ ತಲುಪಿ. ನಿಮ್ಮ ಗಡಿಬಿಡಿಯೂ ಮಗುವನ್ನು ಅಳಿಸುತ್ತದೆ, ನಮ್ಮಲ್ಲಿ ಹಾಗೇ ಆಗಿತ್ತು.

ನಿಮ್ಮ ಕ್ಲಾಸಿನವರು ಎಂಥ ಪಕ್ (ಚೆಂಡಿನ ಬದಲು ಹೊಡೆಯುವ ಬಿಲ್ಲೆ) ಕೊಡುತ್ತಾರೆ, ಎಷ್ಟು ಜಾಗದಲ್ಲಿ ಆಡಿಸುತ್ತಾರೆ ಅಂತಲೂ ನೋಡಿ. ದೊಡ್ಡವರ ಕಪ್ಪು ಪಕ್ ಸುಮಾರು 156-170 ಗ್ರಾಂ ಇರುತ್ತದೆ. ಚಿಕ್ಕ ಮಕ್ಕಳಿಗೆ ಅಂತಲೇ ಸುಮಾರು 113 ಗ್ರಾಮಿನ ನೀಲಿ ಪಕ್ ಇದೆ. ರಿಂಕ್, ಅಂದರೆ ಆಡುವ ಐಸಿನ ಅಂಗಳ, ಅಂತೂ ಸುಮಾರು 60 ಮೀಟರ್ ಉದ್ದ. ಅಷ್ಟು ದೂರ ಐದು ವರ್ಷದ ಮಗುವನ್ನು ಓಡಿಸಿದರೆ ಪಕ್ ಮುಟ್ಟುವುದು ಯಾವಾಗ? ಅದಕ್ಕೇ ಅಮೆರಿಕ, ಕೆನಡಾದಲ್ಲಿ ಪುಟಾಣಿಗಳಿಗೆ ರಿಂಕನ್ನು ಅಡ್ಡಕ್ಕೆ ಭಾಗ ಮಾಡಿ ಸಣ್ಣ ಸಣ್ಣ ಜಾಗದಲ್ಲಿ ಆಡಿಸುತ್ತಾರೆ. ಪೂರ್ತಿ ರಿಂಕಿನಲ್ಲಿ, ಕಪ್ಪು ಪಕ್ಕಿನಲ್ಲಿ ಮೊದಲ ದಿನವೇ ಮ್ಯಾಚ್ ಆಡಿಸುವ ಕ್ಲಾಸಾದರೆ ನಾನಾದರೆ ಬೇರೆ ಕಡೆ ಹುಡುಕುತ್ತೇನೆ.

ಸ್ಟಿಕ್ ವಿಷಯ ಚಿಕ್ಕದು. ಬರಿಗಾಲಲ್ಲಿ ನಿಂತಾಗ ಸುಮಾರು ಮೂಗಿನವರೆಗೆ ಬರಬೇಕು. ಅದನ್ನು ಎಡಕ್ಕೆ ಹಿಡಿಯಬೇಕೋ ಬಲಕ್ಕೋ ಅಂತ ನೀವು ಹೇಳಿಕೊಡಬೇಡಿ. ಪೊರಕೆ ಕೊಟ್ಟು ಗುಡಿಸು ಅನ್ನಿ, ಕೆಳಗೆ ಯಾವ ಕೈ ಹೋಗುತ್ತದೋ ಅದೇ ಅವನ ಕಡೆ. ಬಲಗೈಯವರು ಎಡಕ್ಕೆ ಆಡುವುದು ಮಾಮೂಲು.

ಡಿಕ್ಕಿ ಹೊಡೆಯುವ ಭಯ ನಿಮಗೂ ಇರಬಹುದು. ಟಿವಿಯಲ್ಲಿ ಕಾಣುವ ಆ ಮೈಗೆ ಮೈ ಗುದ್ದುವ ಆಟ ಈ ವಯಸ್ಸಿಗೆ ಇಲ್ಲ. ಅಮೆರಿಕದಲ್ಲಂತೂ 2011ರಿಂದ 12 ವರ್ಷದೊಳಗಿನ ಗುಂಪುಗಳ ಆಟದಲ್ಲಿ ಅದಕ್ಕೆ ಅವಕಾಶವೇ ಇಲ್ಲ.

ಇನ್ನು ಅವನಿಗೆ ಅಲ್ಲಿ ಏನು ಇಷ್ಟವಾಯಿತು ಅಂತ ಕೇಳಿ, ಎಷ್ಟು ಸಲ ಬಿದ್ದೆ ಅಂತಲ್ಲ. ನಮ್ಮವಳು ಮೊದಲ ತಿಂಗಳು ಹೋಗುತ್ತಿದ್ದದ್ದೇ ಐಸ್ ನಯ ಮಾಡುವ ಜಾಂಬೋನಿ ಗಾಡಿ ನೋಡಲು. ಫ್ರಾಂಕ್ ಜಾಂಬೋನಿ ಎಂಬವರು 1949ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಾಡಿದ ಯಂತ್ರ ಅದು. ಐಸ್ ಹೆರೆದು, ಮೇಲೆ ಬಿಸಿನೀರು ಹರಡಿಕೊಂಡು ಹೋಗುತ್ತದೆ. ಐಸಿಗೆ ಬಿಸಿನೀರು ಯಾಕೆ ಅಂತ ಅವಳು ಕೇಳಿದಾಗ ನನಗೆ ಉತ್ತರ ಗೊತ್ತಿರಲಿಲ್ಲ, ಹುಡುಕಿ ಹೇಳಿದೆ: ಮೇಲಿನ ಪದರ ಸ್ವಲ್ಪ ಕರಗಿ, ಹೊಸ ನೀರಿನ ಜೊತೆ ಸೇರಿ ನಯವಾಗಿ ಹೆಪ್ಪುಗಟ್ಟಲಿ ಅಂತ. ಹಾಕಿಗೆ ಅಂತ ಅವಳು ಹೋಗಲು ಶುರು ಮಾಡಿದ್ದು ಆಮೇಲೆ ಯಾವಾಗಲೋ.

ಬ್ಲೇಡು, ಸೈಜು ಸರಿ ಮಾಡಿ ಇನ್ನು ನಾಲ್ಕೈದು ಕ್ಲಾಸು ಕಳಿಸಿ. ಆಗಲೂ ಬ್ಯಾಗ್ ಕಂಡ ತಕ್ಷಣ ಅಳುತ್ತಾನಾ, ಬಿಡಿಸಿ. ಮುಂದಿನ ವರ್ಷ ಅವನೇ ಕೇಳಿದರೆ ನೋಡಿಕೊಳ್ಳಬಹುದು, ಐದಕ್ಕೆ ಶುರು ಮಾಡದಿದ್ದರೆ ಮುಳುಗಿಹೋಗುವಂಥದ್ದು ಏನಿಲ್ಲ.

ಮರೆತಿದ್ದೆ, ಸಾಣೆ ಹಿಡಿಸಿದ ಮೇಲೆ ಬ್ಲೇಡಿಗೆ ಕವರ್ ಹಾಕದೆ ಹೊರಗೆ ನಡೆಸಬೇಡಿ. ಸಿಮೆಂಟ್ ನೆಲದ ಮೇಲೆ ನಾಲ್ಕು ಹೆಜ್ಜೆ ಸಾಕು, ಮತ್ತೆ ಮೊಂಡಾಗುತ್ತದೆ.