ಅತ್ತೆಯ ತಟ್ಟೆಯಿಂದ ಮೊಟ್ಟೆ ತೆಗೆಯಬೇಡಿ

ನಾಪೋಕ್ಲಿನ ಓದುಗರಿಗೆ,

ಅತ್ತೆಗೆ ಸ್ತನ ಕ್ಯಾನ್ಸರ್, ಮೈಸೂರಿನಲ್ಲಿ ಮೂರು ಕೀಮೋ ಆಗಿದೆ, ನೆಂಟರ ಮಾತಿಗೆ ಹಾಲು, ಸಕ್ಕರೆ, ಮೊಟ್ಟೆ, ಮಾಂಸ ಎಲ್ಲ ನಿಲ್ಲಿಸಿ ಎರಡು ಹೊತ್ತು ಲಕ್ಷ್ಮಣಫಲದ ಎಲೆಯ ಕಷಾಯ ಕೊಡುತ್ತಿದ್ದೇವೆ, 52 ಕಿಲೋ ಇದ್ದವರು 45ಕ್ಕೆ ಇಳಿದಿದ್ದಾರೆ, ಇನ್ನೇನು ಬಿಡಿಸಬೇಕು ಎಂದು ಕೇಳಿದ್ದೀರಿ.

ಆ ಕಷಾಯವೊಂದನ್ನು ಬಿಡಿಸಿ, ತಾಯಿ. ಅದು ಮನುಷ್ಯರ ಕ್ಯಾನ್ಸರ್ ವಾಸಿ ಮಾಡುತ್ತದೆ ಎನ್ನಲು ಆಧಾರವಿಲ್ಲ. ಬಹುಕಾಲ ಕುಡಿದರೆ ನರಗಳಿಗೆ ಹಾನಿಯಾಗುವ ಶಂಕೆ ಇದೆ. ಹಿಂದೊಮ್ಮೆ ನಮ್ಮ ಪತ್ರಿಕೆಯಲ್ಲೇ ಆ ಎಲೆಯನ್ನು ಹೊಗಳಿದ ಟಿಪ್ಪಣಿ ಬಂದಿತ್ತು. ಅಚ್ಚಿಗೆ ಬಿಟ್ಟವನು ನಾನೇ. ನಿಮ್ಮ ಪತ್ರ ಓದಿದ ಮೇಲೆ ಅದು ಬಹಳ ನೋಯಿಸುತ್ತಿದೆ.

ಸಕ್ಕರೆ ನಿಲ್ಲಿಸಿದರೆ ಗಡ್ಡೆ ಹಸಿದು ಸಾಯುವುದಿಲ್ಲ. ಊಟ ಸಾಲದಿದ್ದಾಗ ಮೈ ತನ್ನದೇ ಮಾಂಸಖಂಡ ಕರಗಿಸಿ ಸಕ್ಕರೆ ಮಾಡಿಕೊಳ್ಳುತ್ತದೆ. ಹಾಗೆ ಸೊರಗಿದವರಿಗೆ ಕೀಮೋ ತಡೆದುಕೊಳ್ಳುವುದೇ ಕಷ್ಟ. ಸಕ್ಕರೆ ಕಾಯಿಲೆ ಇದ್ದರೆ ಮಾತ್ರ ಲೆಕ್ಕ ಬೇರೆ, ಡಾಕ್ಟರನ್ನು ಕೇಳಿ.

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಸಾಮಾನ್ಯವಾಗಿ ಮೈತೂಕದ ಕಿಲೋ ಒಂದಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಹೇಳುತ್ತಾರೆ. ನಿಮ್ಮ ಅತ್ತೆಗೆ ಕಡಿಮೆಯೆಂದರೂ 54 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6. ಬರೀ ಗಂಜಿ, ಕಷಾಯದಲ್ಲಿ ಇದು ಹೇಗೆ ತುಂಬೀತು?

ನಮ್ಮ ಚಿಕ್ಕಮ್ಮನಿಗೆ ಕೀಮೋ ನಡೆಯುವಾಗ ಒಗ್ಗರಣೆ ವಾಸನೆಗೇ ಹೊಟ್ಟೆ ತೊಳೆಸುತ್ತಿತ್ತು. ತಟ್ಟೆ ತುಂಬ ಬಡಿಸಿದರೆ ಮುಖ ತಿರುಗಿಸುತ್ತಿದ್ದರು. ಕಾಫಿ ಲೋಟದಲ್ಲಿ ಎರಡು ಗಂಟೆಗೊಮ್ಮೆ ಕೊಡತೊಡಗಿದೆವು: ಒಮ್ಮೆ ಹಾಲಿನಲ್ಲಿ ಕಿವುಚಿದ ನೂಲ್‌ಪುಟ್ಟು (ಅಕ್ಕಿ ಶಾವಿಗೆ), ಒಮ್ಮೆ ತುಪ್ಪ ಹಾಕಿದ ಬೇಳೆ ಗಂಜಿ, ಇನ್ನೊಮ್ಮೆ ಕೋಳಿ ಸಾರಿನಲ್ಲಿ ನೆನೆಸಿದ ಕಡಂಬುಟ್ಟು (ಅಕ್ಕಿ ತರಿಯ ಕಡುಬು). ಆರಿದ ಮೇಲೆ ಕೊಟ್ಟರೆ ವಾಸನೆ ಕಡಿಮೆ. ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ ಅಂದಾಗ ಸ್ಟೀಲ್ ಚಮಚ ಬಿಟ್ಟು ಮರದ್ದು ಕೊಟ್ಟೆವು. ಬಾಯಿ ಹುಣ್ಣಾದ ವಾರ ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿರಸ), ಕರಿಮೆಣಸು ಅಡುಗೆಮನೆಯ ಮೇಲಟ್ಟ ಸೇರಿದವು. ಅವೆರಡೂ ಹಾಕುವ ಹಂದಿ ಮಾಂಸದ ಪಂದಿಕರಿಯ ಆಸೆ ಆಮೇಲೆ ತೀರಿತು.

ಕೀಮೋದಲ್ಲಿ ಬಿಳಿ ರಕ್ತಕಣ ಇಳಿಯುವುದರಿಂದ ಮಾಂಸ, ಮೊಟ್ಟೆ ಪೂರ್ತಿ ಬೇಯಲಿ. ನೀರು ಕುದಿಸಿ ಆರಿಸಿ ಕೊಡಿ. ಕಿತ್ತಳೆಯನ್ನೂ ತೊಳೆದೇ ಸುಲಿಯಿರಿ. 100.4 ಡಿಗ್ರಿ ಜ್ವರ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಮುಂದಿನ ಕೀಮೋಗೆ ಹೋದಾಗ, 7 ಕಿಲೋ ಇಳಿದಿದೆ, ಆಹಾರ ತಜ್ಞರನ್ನು ಕಾಣಬೇಕು ಎಂದು ನೀವಾಗಿಯೇ ಕೇಳಿ. ಅಲ್ಲಿಯವರೆಗೆ ವಾರಕ್ಕೊಮ್ಮೆ ಅವರ ತೂಕ ಬರೆದಿಡಿ. ಮನೆಯಲ್ಲಿ ಬೇರೆ ಯಂತ್ರ ಇಲ್ಲದಿದ್ದರೆ ಕಣದಲ್ಲಿ ಕಾಫಿ ಚೀಲ ತೂಗುವ ಯಂತ್ರವೇ ಸಾಕು.

— ಸಂಪಾದಕ