ಗಾಳದ ಮೊನೆ ಮೊಂಡಾದಾಗ

ಪ್ರಶ್ನೆ: ಸರ್, ಎರಡು ವರ್ಷದಿಂದ ಫ್ಲೈ ಫಿಶಿಂಗ್ (ಗಾಳಕ್ಕೆ ಗರಿ, ನೂಲು ಸುತ್ತಿ ಹುಳುವಿನಂತೆ ಮಾಡಿದ ‘ಫ್ಲೈ’ಯನ್ನು ಬೀಸಿ ಮೀನು ಹಿಡಿಯುವುದು) ಕಲಿಯುತ್ತಿದ್ದೇನೆ. ಗುತ್ತಿಗೆದಾರರ ಒಪ್ಪಿಗೆ ಪಡೆದು ನಮ್ಮೂರ ಕೆರೆಯಲ್ಲಿ ಜಿಲೇಬಿ ಮೀನು ಹಿಡಿಯುತ್ತೇನೆ. ಈಚೆಗೆ ಮೀನು ಫ್ಲೈಗೆ ಬಾಯಿ ಹಾಕುವುದು ಕೈಗೆ ಗೊತ್ತಾಗುತ್ತದೆ, ಎಳೆದರೆ ಜಾರಿಹೋಗುತ್ತದೆ. ಮೊನ್ನೆ ಒಂದೇ ಸಂಜೆ ಏಳು ಮೀನು ಹೀಗೆ ಹೋದವು. ದಾರ ಬದಲಿಸಿದೆ, ಎಳೆಯುವ ವೇಗ ಬದಲಿಸಿದೆ. ಮೀನು ಬರುತ್ತಿರುವುದೇ ಆ ಫ್ಲೈಗೆ ಎಂದು ಅದನ್ನು ಮಾತ್ರ ಬದಲಿಸಲಿಲ್ಲ. ನನ್ನ ಎಳೆತದಲ್ಲಿ ತಪ್ಪಿದೆಯೇ?
– ಓದುಗರೊಬ್ಬರು, ಪಾಂಡವಪುರ

ಉತ್ತರ: ನಿಮ್ಮ ಕೈಯನ್ನು ದೂರುವ ಮೊದಲು ಆ ಫ್ಲೈಯ ಮೊನೆಯನ್ನು ಬೆಳಕಿಗೆ ಹಿಡಿದು ನೋಡಿ. ಮನೆಯಲ್ಲಿ ಭೂತಗನ್ನಡಿ ಇದ್ದರೆ ಅದರಲ್ಲೇ ನೋಡಿ. ನೀವು ಎಲ್ಲಿ ನಿಂತು ಬೀಸುತ್ತೀರಿ ಎಂದು ಬರೆದಿಲ್ಲ. ಏರಿಯ ಒಳಮೈಯಲ್ಲಿ, ನೀರಿನ ಅಂಚಿನಲ್ಲಿ ನಿಲ್ಲುವವರಾದರೆ ನಿಮ್ಮ ಬೆನ್ನ ಹಿಂದೆ ಹಾಸುಗಲ್ಲಿನ ಇಳಿಜಾರು ಮೇಲೇರುತ್ತಿರುತ್ತದೆ. ಕೋಲನ್ನು ಹಿಂದಕ್ಕೆ ಬೀಸಿದಾಗ ದಾರ ಸ್ವಲ್ಪ ತಗ್ಗಿದರೂ ಸಾಕು, ಗಾಳ ಕಲ್ಲಿಗೆ ಬಡಿಯುತ್ತದೆ. ಆ ಸದ್ದು ಎಷ್ಟೋ ಸಲ ಕಿವಿಗೆ ಬೀಳುವುದೇ ಇಲ್ಲ.

ಮಳವಳ್ಳಿ ಕಡೆಯ ಕೆರೆಯೊಂದರಲ್ಲಿ ನನಗೂ ಇದೇ ಆಗಿತ್ತು. ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗೆ ಮೀನು ಬಂದವು, ಹೋದವು. ಬುತ್ತಿ ಬಿಚ್ಚಲು ಕುಳಿತಾಗ ಫ್ಲೈಯನ್ನು ಅಂಗೈಯಲ್ಲಿಟ್ಟು ನೋಡಿದೆ. ಗರಿ ಚೆನ್ನಾಗಿತ್ತು, ಸುತ್ತಿದ ನೂಲು ಬಿಗಿಯಾಗಿತ್ತು, ಮೊನೆಯೇ ಇರಲಿಲ್ಲ. ಸಾಸಿವೆ ಕಾಳಿನ ಅರ್ಧದಷ್ಟು ತುದಿ ಮುರಿದು, ಅಲ್ಲೊಂದು ಬೂದು ಬಣ್ಣದ ಚಪ್ಪಟೆ ಗುರುತು ಉಳಿದಿತ್ತು. ಮೂವತ್ತೆರಡು ವರ್ಷ ಕಾರ್ಖಾನೆಯ ಟೂಲ್ ರೂಮಿನಲ್ಲಿ ಅರ ಹಿಡಿದವನು ನಾನು. ಅಂದಿನಿಂದ ಹತ್ತು ಹನ್ನೆರಡು ಸಲ ಬೀಸಿದ ಮೇಲೆ ಒಮ್ಮೆ ಮೊನೆ ಮುಟ್ಟಿ ನೋಡದೆ ಮುಂದಕ್ಕೆ ಹೋಗುವುದಿಲ್ಲ.

ಪರೀಕ್ಷೆಗೆ ಹೆಬ್ಬೆರಳಿನ ಉಗುರು ಸಾಕು. ಗಾಳದ ಮೊನೆಯನ್ನು ಉಗುರಿನ ಮೇಲೆ ಓರೆಯಾಗಿ ಇಟ್ಟು, ಒತ್ತದೆ ಮೆಲ್ಲಗೆ ಎಳೆಯಿರಿ. ಚೂಪಾಗಿದ್ದರೆ ಅಲ್ಲೇ ಕಚ್ಚಿ ನಿಲ್ಲುತ್ತದೆ. ಬಿಳಿ ಗೀರು ಬಿಟ್ಟು ಜಾರಿದರೆ ಮಸೆಯಬೇಕು. ಗೀರೂ ಬೀಳದೆ ಜಾರಿದರೆ ತುದಿ ಮುರಿದಿದೆ ಅಥವಾ ಮಡಚಿದೆ ಎಂದು ತಿಳಿಯಿರಿ.

ಮಸೆಯಲು ವಜ್ರದ ಪುಡಿ ಮೆತ್ತಿದ ನುಣುಪಾದ ಸಣ್ಣ ಪಟ್ಟಿ ಒಳ್ಳೆಯದು. ಸಿಗದಿದ್ದರೆ ನುಣುಪು ಸಾಣೆಕಲ್ಲಿನ ತುಂಡೂ ಆಗುತ್ತದೆ. ಗಾಳವನ್ನು ಬಾಗಿನಲ್ಲಿ ಇಕ್ಕಳದಿಂದ ಹಿಡಿಯಿರಿ, ಗರಿ ಕಟ್ಟಿದ ಕಡೆ ಹಿಡಿದರೆ ಫ್ಲೈ ನಜ್ಜುಗುಜ್ಜಾಗುತ್ತದೆ. ನಾನು ಮೊನೆಯಿಂದ ಬಾಗಿನ ಕಡೆಗೆ, ಒಂದೇ ದಿಕ್ಕಿನಲ್ಲಿ ಪಟ್ಟಿಯನ್ನು ಎಳೆಯುತ್ತೇನೆ. ಗರಗಸದಂತೆ ಹಿಂದೆ ಮುಂದೆ ಆಡಿಸಿದರೆ ತುದಿಯಲ್ಲಿ ಕಣ್ಣಿಗೆ ಕಾಣದ ಸಿಬಿರು ಉಳಿಯುತ್ತದೆ. ಒಳಮೈಯ ಎಡಕ್ಕೆ ಮೂರು ಎಳೆತ, ಬಲಕ್ಕೆ ಮೂರು, ಆಮೇಲೆ ಹೊರಮೈಗೆ ಎರಡು. ಆಗ ಮೊನೆ ತ್ರಿಕೋನವಾಗಿ, ಅದರ ಅಂಚುಗಳೂ ಮೀನಿನ ತುಟಿಯನ್ನು ಸೀಳಿಕೊಂಡು ಒಳಗಿಳಿಯುತ್ತವೆ. ಇನ್ನಷ್ಟು ಚೂಪಾಗಲಿ ಎಂದು ತೆಳ್ಳಗೆ ಸೂಜಿಯಂತೆ ಮಾಡಬೇಡಿ, ಮೊದಲ ಮೀನಿಗೇ ಮಡಚಿಕೊಳ್ಳುತ್ತದೆ.

ಗ್ರೈಂಡರ್ ಚಕ್ರಕ್ಕಂತೂ ಕೊಡಲೇಬೇಡಿ. ಅಷ್ಟು ಸಣ್ಣ ಉಕ್ಕಿನ ತುದಿ ಕಣ್ಣು ಮಿಟುಕಿಸುವಷ್ಟರಲ್ಲಿ ಕಾದು ನೀಲಿಯಾಗುತ್ತದೆ. ನೀಲಿಯಾಯಿತೆಂದರೆ ಉಕ್ಕಿನ ಹದ ಇಳಿಯಿತು. ನೋಡಲು ಚೂಪು, ಒಳಗೆ ಮೆತ್ತಗೆ.

ಈಗ ಬರುವ ಅನೇಕ ಗಾಳಗಳ ಮೊನೆಯನ್ನು ಕಾರ್ಖಾನೆಯಲ್ಲೇ ಆಮ್ಲದಲ್ಲಿ ಅದ್ದಿ ಚೂಪು ಮಾಡಿರುತ್ತಾರೆ. ಅವನ್ನು ಒಂದೆರಡು ಸಲ ಮಸೆಯಬಹುದು, ಮೊದಲಿನ ಮೊನೆ ಮರಳಿ ಬರುವುದಿಲ್ಲ. ಹದಿನಾರನೇ ನಂಬರಿನ ಗಾಳ, ಅದಕ್ಕಿಂತ ಸಣ್ಣವು (ನಂಬರು ಹೆಚ್ಚಿದಷ್ಟೂ ಗಾಳ ಸಣ್ಣದು) ಮೊಂಡಾದರೆ ಬದಲಿಸುವುದೇ ಸರಿ. ಮಸೆದ ಜಾಗದಲ್ಲಿ ಮೇಲಿನ ಲೇಪ ಹೋಗಿರುತ್ತದೆ, ಬೇಗ ತುಕ್ಕು ಹಿಡಿಯುತ್ತದೆ. ಒದ್ದೆ ಫ್ಲೈಗಳನ್ನು ಡಬ್ಬಿಯಲ್ಲಿಟ್ಟು ಮುಚ್ಚುವ ಅಭ್ಯಾಸ ಬಿಡಿ. ನಾನು ಮನೆಗೆ ಬಂದೊಡನೆ ಹಳೆಯ ಥರ್ಮೋಕೋಲ್ ತುಂಡಿಗೆ ಚುಚ್ಚಿ ರಾತ್ರಿಯಿಡೀ ಫ್ಯಾನಿನ ಕೆಳಗೆ ಇಡುತ್ತೇನೆ.

ಪ್ರಶ್ನೆ: ನಮ್ಮ ಅಜ್ಜ ಭೀಮೇಶ್ವರಿ ಕಡೆ ರಾಗಿ ಹಿಟ್ಟಿನ ಉಂಡೆ ಕಟ್ಟಿ ಬಿಳಿಮೀನು (ಮಹಸೀರ್) ಹಿಡಿಯುತ್ತಿದ್ದರು. ಅವರ ತಗಡಿನ ಡಬ್ಬಿಯಲ್ಲಿ ಹನ್ನೊಂದು ದೊಡ್ಡ ಗಾಳಗಳು ತುಕ್ಕು ಹಿಡಿದು ಕುಳಿತಿವೆ. ಮಸೆದು ಅದೇ ಜಾಗದಲ್ಲಿ ಬಳಸಬೇಕೆಂಬ ಆಸೆ.
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಒಣ ಬಟ್ಟೆಯಿಂದ ಉಜ್ಜಿದಾಗ ಕೆಂಪು ಪುಡಿ ಉದುರಿ ನಯವಾದ ಉಕ್ಕು ಕಂಡರೆ ಆ ಗಾಳ ಬದುಕಿದೆ. ಉಗುರಿಗೆ ಸಣ್ಣ ಗುಳಿಗಳು ಸಿಕ್ಕರೆ ಅದು ಒಳಗೆ ತಿಂದುಹೋಗಿದೆ, ಎಷ್ಟು ಮಸೆದರೂ ಬಾಗಿನಲ್ಲಿ ಮುರಿಯುತ್ತದೆ.

ಆದರೆ ಭೀಮೇಶ್ವರಿಯ ಆಸೆಯನ್ನು ದಯವಿಟ್ಟು ಬಿಡಿ. ಅದು ಕಾವೇರಿ ವನ್ಯಜೀವಿಧಾಮ, ಅಲ್ಲಿ ಗಾಳ ಹಾಕುವಂತಿಲ್ಲ. ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಬಿಳಿಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಆ ಗೂನುಬೆನ್ನಿನ ಬಿಳಿಮೀನಿಗೆ ವಿಜ್ಞಾನಿಗಳು ‘ಟಾರ್ ರೆಮದೇವಿ’ ಎಂಬ ಹೆಸರನ್ನು ಖಚಿತಪಡಿಸಿದ್ದು 2018ರಲ್ಲಿ. ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಅದು ಸೇರಿದ್ದೂ ಅದೇ ವರ್ಷ. ಹೆಸರು ಗಟ್ಟಿಯಾಗುವ ಹೊತ್ತಿಗೆ ಮೀನೇ ಅಪರೂಪವಾಗಿತ್ತು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಅಜ್ಜನ ಗಾಳಗಳನ್ನು ಉಜ್ಜಿ, ಹೊಲಿಗೆ ಯಂತ್ರದ ಎಣ್ಣೆ ಸವರಿ, ಗಾಜಿನ ಚೌಕಟ್ಟಿನಲ್ಲಿ ಇಡಿ.

ಪ್ರಶ್ನೆ: ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುತ್ತೇನೆ. ಗಾಳದ ಎದುರುಮುಳ್ಳನ್ನು (ಮೊನೆಯ ಹಿಂದೆ ಹಿಮ್ಮುಖವಾಗಿರುವ ಸಣ್ಣ ಮುಳ್ಳು) ಒತ್ತಿ ಮಟ್ಟ ಮಾಡಿದರೆ ಮೀನು ತಪ್ಪಿಸಿಕೊಳ್ಳುವುದಿಲ್ಲವೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ದಾರ ಸಡಿಲ ಬಿಟ್ಟರೆ ತಪ್ಪಿಸಿಕೊಳ್ಳುತ್ತದೆ, ಬಿಗಿ ಹಿಡಿದರೆ ಇಲ್ಲ. ಮುಳ್ಳಿಲ್ಲದ ಗಾಳ ಸುಲಭವಾಗಿ ಒಳಗಿಳಿಯುತ್ತದೆ, ಬಿಡಿಸುವಾಗ ತುಟಿ ಹರಿಯುವುದಿಲ್ಲ, ನಿಮ್ಮ ಬೆರಳಿಗೆ ಚುಚ್ಚಿದರೂ ಸಲೀಸಾಗಿ ಹೊರಬರುತ್ತದೆ. ಚಪ್ಪಟೆ ಬಾಯಿಯ ಇಕ್ಕಳವನ್ನು ಅಡ್ಡಲಾಗಿ ಹಿಡಿಯದೆ, ಮೊನೆ ಇರುವ ದಿಕ್ಕಿನಲ್ಲೇ ಹಿಡಿದು ನಿಧಾನವಾಗಿ ಒತ್ತಿ. ಒತ್ತುವಾಗ ಕನ್ನಡಕ ಹಾಕಿಕೊಳ್ಳಿ, ಕೆಲವು ಗಾಳಗಳು ತುಂಡಾಗಿ ಸಿಡಿಯುತ್ತವೆ.